ಎರಡು ದಿನದ ನಗರ ಪ್ರವಾಸ: ಆರೈಕೆ, ಊಟ, ಶಾಪಿಂಗ್ ಮೂರನ್ನೂ ಸುಸ್ತಾಗದೆ ಮುಗಿಸುವ ಸಮಗ್ರ ಮಾರ್ಗದರ್ಶಿ

ಒಂದು ಸಲ ಬೆಳಿಗ್ಗೆ ಹನ್ನೊಂದಕ್ಕೆ ಎಣ್ಣೆ ಮಸಾಜ್ ಮಾಡಿಸಿಕೊಂಡು, ಸ್ನಾನವನ್ನೂ ಮಾಡದೆ ನೇರವಾಗಿ ಬಟ್ಟೆ ಅಂಗಡಿಗೆ ಹೋಗಿದ್ದೆ. ಮೈಯೆಲ್ಲ ಹಗುರ, ತಲೆ ಇನ್ನೂ ಅರ್ಧ ನಿದ್ದೆಯಲ್ಲಿ. ಟ್ರಯಲ್ ರೂಮಿನಲ್ಲಿ ತಿಳಿ ಬಣ್ಣದ ಟಾಪ್ ಒಂದನ್ನು ಹಾಕಿ ನೋಡಿದೆ. ತೆಗೆಯುವಾಗ ನೋಡಿದರೆ ಬೆನ್ನಿನ ಮೇಲೆ ಅಂಗೈ ಅಗಲದ ಎಣ್ಣೆ ಕಲೆ. ಸೈಜ್ ಸರಿಯಾಗಿರಲಿಲ್ಲ. ಆದರೂ ದುಡ್ಡು ಕೊಟ್ಟು ತಂದೆ. ಅದು ಈಗಲೂ ಬೀರುವಿನಲ್ಲಿದೆ, ಒಂದು ದಿನವೂ ಹಾಕಿಲ್ಲ.

ಆ ಪ್ರವಾಸದಲ್ಲಿ ಸ್ಪಾ ಚೆನ್ನಾಗಿತ್ತು. ಅಂಗಡಿಯೂ ಚೆನ್ನಾಗಿತ್ತು. ಕೆಟ್ಟಿದ್ದು ಕ್ರಮ ಮಾತ್ರ. ಅಲ್ಲಿಂದ ಈಚೆಗೆ ನಾನು "ಎಲ್ಲಿಗೆ ಹೋಗಬೇಕು" ಅನ್ನುವುದಕ್ಕಿಂತ "ಯಾವುದರ ಹಿಂದೆ ಯಾವುದು" ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ. ಊರು ಯಾವುದೇ ಇರಲಿ, ಕೆಳಗಿನ ಕ್ರಮ ನನಗೆ ಇಲ್ಲಿಯವರೆಗೆ ಕೈಕೊಟ್ಟಿಲ್ಲ.

ಹಂತ 1: ಅರ್ಧ ದಿನಕ್ಕೆ ಒಂದೇ ಗೂಟ

ಶುಕ್ರವಾರ ಮಧ್ಯಾಹ್ನ ತಲುಪಿ ಭಾನುವಾರ ಮಧ್ಯಾಹ್ನ ಹೊರಡುತ್ತೀರಿ ಅಂದುಕೊಳ್ಳಿ. ನಿಮ್ಮ ಕೈಯಲ್ಲಿರುವುದು ನಾಲ್ಕು ಅರ್ಧ ದಿನ. ಒಂದೊಂದು ಅರ್ಧ ದಿನಕ್ಕೂ ಒಂದೇ ಒಂದು ಮುಖ್ಯ ಕೆಲಸ ಇಟ್ಟುಕೊಳ್ಳಿ. ಹಸುವನ್ನು ಗೂಟಕ್ಕೆ ಕಟ್ಟಿ ಉದ್ದ ಹಗ್ಗ ಬಿಟ್ಟ ಹಾಗೆ. ಗೂಟ ಗಟ್ಟಿಯಾಗಿರಲಿ, ಸುತ್ತ ಮೇಯುವುದು ಇಷ್ಟ ಬಂದಂತೆ.

ನಾನು ಗೂಟ ನೆಡುವುದು ಹೀಗೆ. ತಲುಪಿದ ಸಂಜೆ ಮೈಯ ಆರೈಕೆ. ಎರಡನೇ ದಿನ ಬೆಳಿಗ್ಗೆ ಮಾರುಕಟ್ಟೆ, ಅದರ ಬೆನ್ನಿಗೆ ದೊಡ್ಡ ಊಟ. ಎರಡನೇ ದಿನ ಸಂಜೆ ಶಾಪಿಂಗ್. ಕೊನೆಯ ಬೆಳಿಗ್ಗೆ ಪೂರ್ತಿ ಖಾಲಿ. ಆ ಖಾಲಿ ಬೆಳಿಗ್ಗೆಯನ್ನು ತುಂಬಿಸಬೇಕು ಅಂತ ಕೈ ತುರಿಸುತ್ತದೆ. ಬೇಡ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಆರೈಕೆ ಮೊದಲು ಯಾಕೆ? ಹೆಚ್ಚಿನವರು ಅದನ್ನು ಕೊನೆಗೆ ಇಡುತ್ತಾರೆ, ಸುತ್ತಾಡಿದ ಸುಸ್ತು ಇಳಿಯಲಿ ಅಂತ. ಆದರೆ ಕೊನೆಯ ದಿನ ಕಣ್ಣೆಲ್ಲ ಗಡಿಯಾರದ ಮೇಲೆ. ಮಸಾಜ್ ಮೇಜಿನ ಮೇಲೆ ಮಲಗಿ ರೈಲಿನ ಟೈಮ್ ಲೆಕ್ಕ ಹಾಕುವುದಕ್ಕೆ ದುಡ್ಡು ಕೊಡಬೇಕೇ? ತಲುಪಿದ ದಿನ ಪ್ರಯಾಣದ ಬಿಗಿತ ಮೈಯಲ್ಲಿರುತ್ತದೆ, ಮುಗಿದ ಮೇಲೆ ಮಾಡುವ ಕೆಲಸ ಏನೂ ಇರುವುದಿಲ್ಲ. ಸ್ನಾನ, ಹಗುರ ಊಟ, ನಿದ್ದೆ. ಮರುದಿನ ಕಾಲು ತಾವಾಗಿಯೇ ನಡೆಯುತ್ತವೆ.

ಹಂತ 2: ಹೊರಡುವ ಮೊದಲು ನಕ್ಷೆ

ಫೋನಿನ ಮ್ಯಾಪಿನಲ್ಲಿ ನೋಡಬೇಕೆನಿಸಿದ ಜಾಗಗಳನ್ನೆಲ್ಲ ಗುರುತು ಹಾಕಿ. ಲೆಕ್ಕವಿಲ್ಲದೆ ಹಾಕಿ, ಪರವಾಗಿಲ್ಲ. ಆಮೇಲೆ ದೂರದಿಂದ ನೋಡಿ. ಗುರುತುಗಳು ಎರಡು ಮೂರು ಕಡೆ ಗುಂಪಾಗಿರುತ್ತವೆ. ಆ ಗುಂಪುಗಳೇ ನಿಮ್ಮ ಪ್ರವಾಸ. ಒಂಟಿಯಾಗಿ ಎಲ್ಲೋ ದೂರದಲ್ಲಿರುವುದನ್ನು ಅಳಿಸಿ. ಅದು ಎಷ್ಟೇ ಹೆಸರುವಾಸಿ ಆಗಿರಲಿ, ಹೋಗಿ ಬರುವ ಹೊತ್ತಿನಲ್ಲಿ ಒಂದು ಅರ್ಧ ದಿನ ಕರಗುತ್ತದೆ. ಉಳಿದುಕೊಳ್ಳುವ ಹೋಟೆಲ್ ದೊಡ್ಡ ಗುಂಪಿನ ಒಳಗೇ ಇರಲಿ. ಕೈಯಲ್ಲಿದ್ದ ಚೀಲಗಳನ್ನು ರೂಮಿನಲ್ಲಿ ಹಾಕಿ ಮತ್ತೆ ಹೊರಗೆ ಬರುವ ಸುಖ ದೊಡ್ಡದು.

ರಜೆ ದಿನ ನೋಡಿಕೊಳ್ಳಿ. ವಸ್ತುಸಂಗ್ರಹಾಲಯ, ಸಣ್ಣ ಹೋಟೆಲ್, ಸಲೂನ್ ಇಂಥವು ವಾರಕ್ಕೊಂದು ದಿನ ಮುಚ್ಚಿರುತ್ತವೆ, ಎಷ್ಟೋ ಕಡೆ ಅದು ಸೋಮವಾರ. ಹೋಟೆಲಿನ ಮುಚ್ಚುವ ಟೈಮ್ ಬೇರೆ, ಅಡುಗೆಮನೆ ಕೊನೆಯ ಆರ್ಡರ್ ತೆಗೆದುಕೊಳ್ಳುವ ಟೈಮ್ ಬೇರೆ. ಹತ್ತಕ್ಕೆ ಮುಚ್ಚುವ ಕಡೆ ಒಂಬತ್ತೂವರೆಗೆ ಹೋದರೆ ಬರೀ ಟೀ ಸಿಗಬಹುದು.

ರಿವ್ಯೂ ಓದುವುದಕ್ಕೂ ಒಂದು ಕ್ರಮ ಇದೆ. ಐದು ಸ್ಟಾರಿನವರು ಖುಷಿಯಲ್ಲಿರುತ್ತಾರೆ, ಒಂದು ಸ್ಟಾರಿನವರು ಸಿಟ್ಟಿನಲ್ಲಿರುತ್ತಾರೆ. ಇಬ್ಬರೂ ಉಪಯೋಗಕ್ಕಿಲ್ಲ. ಮೂರು ಸ್ಟಾರಿನವರು ನಿಜ ಹೇಳುತ್ತಾರೆ: "ಊಟ ಚೆನ್ನಾಗಿತ್ತು, ಗದ್ದಲ ಜಾಸ್ತಿ." ಹೊಸದು ಮೊದಲು ಬರುವ ಹಾಗೆ ಜೋಡಿಸಿ ಓದಿ. ಎರಡು ವರ್ಷದ ಹಿಂದಿನ ಹೊಗಳಿಕೆ ಹಳೆಯ ಅಡುಗೆಯವರದ್ದು ಇರಬಹುದು. ಮಾಲೀಕರು ಹಾಕಿದ ಫೋಟೋ ಬಿಟ್ಟು ಗಿರಾಕಿಗಳು ಹಾಕಿದ್ದನ್ನು ನೋಡಿ. ಆ ಊರಿನ ಭಾಷೆಯಲ್ಲಿ ಹುಡುಕಿದರೆ ಬೇರೆಯೇ ಪಟ್ಟಿ ಬರುತ್ತದೆ. ಅನುವಾದದ ಆಪ್ ಇದೆಯಲ್ಲ, ಅದಕ್ಕೇ ಇರುವುದು.

ಬಜೆಟ್ ಬಗ್ಗೆ ಒಂದೇ ಮಾತು. ಮೂರಕ್ಕೂ ಸಮ ಹಂಚಬೇಡಿ. ಈ ಸಲ ಯಾವುದಕ್ಕಾಗಿ ಹೊರಟಿದ್ದೀರೋ ಅದಕ್ಕೆ ಅರ್ಧ, ಉಳಿದ ಎರಡಕ್ಕೆ ಇನ್ನರ್ಧ.

ಹಂತ 3: ಮೊದಲ ಸಂಜೆ, ಮೈಗೆ

ಎಲ್ಲಿಗೆ ಹೋಗಬೇಕು ಅನ್ನುವುದು ಏನು ಬೇಕು ಅನ್ನುವುದರ ಮೇಲೆ. ಹೋಟೆಲ್ ಸ್ಪಾದಲ್ಲಿ ದುಡ್ಡು ಜಾಸ್ತಿ, ಆದರೆ ಮುಗಿದ ಮೇಲೆ ರೂಮಿಗೆ ನಾಲ್ಕು ಹೆಜ್ಜೆ. ಎಷ್ಟೋ ಕಡೆ ಸ್ಟೀಮ್, ಸೌನಾ (ಬಿಸಿಯಲ್ಲಿ ಕೂತು ಬೆವರುವ ಕೋಣೆ), ಈಜುಕೊಳ ಅದರಲ್ಲೇ ಸೇರಿರುತ್ತವೆ. ಬಡಾವಣೆಯ ಸಲೂನ್‌ನಲ್ಲಿ ತಲೆ, ಪಾದ, ಉಗುರು ಇಂಥ ಸಣ್ಣ ಕೆಲಸಗಳು ಚೆನ್ನಾಗಿ ಆಗುತ್ತವೆ. ಸಾರ್ವಜನಿಕ ಸ್ನಾನಗೃಹ ಇರುವ ಊರಾದರೆ ಒಂದು ಸಲ ಹೋಗಿ ಬನ್ನಿ. ಅಲ್ಲಿ ಆರೈಕೆಯ ಜೊತೆಗೆ ಆ ಊರೂ ಸ್ವಲ್ಪ ಅರ್ಥವಾಗುತ್ತದೆ. ಫಿನ್ಲೆಂಡಿನ ಸೌನಾ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೂ ಒಂದು ವರ್ಷ ಮೊದಲು ಥಾಯ್ ಮಸಾಜ್ ಅದೇ ಪಟ್ಟಿಗೆ ಸೇರಿತ್ತು. ಸೌಂದರ್ಯ ತರಬೇತಿ ಶಾಲೆಗಳೂ ಇವೆ. ವಿದ್ಯಾರ್ಥಿಗಳು ಗುರುಗಳ ಎದುರಿಗೆ ಮಾಡುವುದರಿಂದ ನಿಧಾನ, ಆದರೆ ದರ ಕಡಿಮೆ.

ಮಸಾಜಿನ ಹೆಸರು ನೋಡಿ ಗಾಬರಿ ಆಗಬೇಡಿ. ಸ್ವೀಡಿಷ್ ಅಂದರೆ ಎಣ್ಣೆ ಹಚ್ಚಿ ಉದ್ದುದ್ದ ನೀವುವುದು, ಮೊದಲ ಸಲಕ್ಕೆ ಇದು ಸರಿ. ಡೀಪ್ ಟಿಶ್ಯೂ ಅಂದರೆ ಗಂಟು ಕಟ್ಟಿದ ಕಡೆ ಆಳವಾಗಿ ಒತ್ತುವುದು, ಮರುದಿನ ಮೈ ಸ್ವಲ್ಪ ನೋಯಬಹುದು. ನಡೆಯುವ ಪ್ರವಾಸದಲ್ಲಿ ನಾನು ಅದನ್ನು ಮಾಡಿಸುವುದಿಲ್ಲ. ಥಾಯ್ ಮಸಾಜ್ ಬಟ್ಟೆ ಹಾಕಿಕೊಂಡೇ, ಎಣ್ಣೆ ಇಲ್ಲದೆ, ನೆಲದ ಹಾಸಿನ ಮೇಲೆ ಮೈಯನ್ನು ಎಳೆದು ಬಗ್ಗಿಸುವುದು. ನನ್ನ ಟಾಪ್ ಕಥೆ ಕೇಳಿದ ಮೇಲೂ ಹಗಲು ಹೊತ್ತಿನಲ್ಲೇ ಮಸಾಜ್ ಬೇಕು ಅನ್ನುವವರಿಗೆ ಇದೇ ವಾಸಿ.

ಬುಕ್ ಮಾಡುವಾಗ ಫೋನಿನಲ್ಲಿ ಇಷ್ಟು ಕೇಳಿ. ಅರವತ್ತು ನಿಮಿಷ ಅಂದರೆ ಕೈ ಮೈ ಮೇಲಿರುವ ಅರವತ್ತು ನಿಮಿಷವೋ, ಬಟ್ಟೆ ಬದಲಿಸುವುದೂ ಸೇರಿಯೋ? ಹೆಂಗಸರೇ ಮಾಡುತ್ತಾರೋ ಗಂಡಸರೋ, ನಮಗೆ ಬೇಕಾದವರನ್ನು ಕೇಳಬಹುದೋ? ತೆರಿಗೆ, ಸರ್ವಿಸ್ ಚಾರ್ಜ್ ದರದಲ್ಲೇ ಇದೆಯೋ? ಎಷ್ಟು ಗಂಟೆ ಮೊದಲು ಹೇಳಿದರೆ ದುಡ್ಡು ಕಡಿತವಿಲ್ಲದೆ ರದ್ದಾಗುತ್ತದೆ? ದರಪಟ್ಟಿ ತೋರಿಸಲು ಹಿಂದೆ ಮುಂದೆ ನೋಡುವ ಜಾಗ ಬೇಡವೇ ಬೇಡ.

ಹೋಗುವ ಮೊದಲು ಒಂದೂವರೆ ಎರಡು ಗಂಟೆ ಹೊಟ್ಟೆ ತುಂಬ ತಿನ್ನಬೇಡಿ. ಹೊಟ್ಟೆ ಮೇಲೆ ಬೋರಲು ಮಲಗುವುದು ನೆನಪಿರಲಿ. ಸ್ಕ್ರಬ್, ಅಂದರೆ ಮೈ ಉಜ್ಜಿ ಸತ್ತ ಚರ್ಮ ತೆಗೆಯುವುದು, ಮಾಡಿಸುವವರು ಹಿಂದಿನ ದಿನ ರೇಜರ್ ಮುಟ್ಟಬೇಡಿ. ಉಪ್ಪಿನ ಸ್ಕ್ರಬ್ ತಗುಲಿದರೆ ಉರಿ ತಡೆಯಲಾಗುವುದಿಲ್ಲ. ಮುಖಕ್ಕೆ ರೆಟಿನಾಲ್ (ಸುಕ್ಕು ಕಡಿಮೆ ಮಾಡುವ ಕ್ರೀಮುಗಳಲ್ಲಿ ಇರುವಂಥದ್ದು) ಹಚ್ಚುವವರು ಅಲ್ಲಿ ವ್ಯಾಕ್ಸ್ ಮಾಡಿಸಬಾರದು, ಚರ್ಮ ಕಿತ್ತು ಬರಬಹುದು. ಗರ್ಭಿಣಿ ಆಗಿದ್ದರೆ, ಬಿಪಿ ಇದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ ಮುಚ್ಚುಮರೆ ಇಲ್ಲದೆ ಹೇಳಿ. ದೂರದ ವಿಮಾನ ಪ್ರಯಾಣದ ನಂತರ ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದರೆ ಮಸಾಜ್ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ಒತ್ತುವುದು ಅಪಾಯ.

ಒಂದಕ್ಕಿಂತ ಹೆಚ್ಚು ಮಾಡಿಸುವುದಾದರೆ ಸ್ಟೀಮ್, ಸ್ಕ್ರಬ್, ಮಸಾಜ್, ಕೊನೆಗೆ ಫೇಶಿಯಲ್. ಫೇಶಿಯಲ್ ಮೊದಲು ಮಾಡಿಸಿ ಆಮೇಲೆ ಬೋರಲು ಮಲಗಿದರೆ ಮುಖದ ಮೇಲೆ ಮೇಜಿನ ಗುರುತು ಮೂಡುತ್ತದೆ. ಸೌನಾದೊಳಗೆ ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಹೊರಗೆ ಬಂದು ನೀರು ಕುಡಿಯಿರಿ. ಮದ್ಯ ಕುಡಿದು ಒಳಗೆ ಕೂರಬಾರದು. ಒತ್ತುವುದು ಜೋರಾಯಿತು ಅನ್ನಿಸಿದರೆ ಬಾಯಿ ಬಿಟ್ಟು ಹೇಳಿ. ನಾವು ಎಷ್ಟೋ ಜನ ಹಲ್ಲು ಕಚ್ಚಿ ಸುಮ್ನೆ ಮಲಗುತ್ತೇವೆ, ಆಮೇಲೆ ಚೆನ್ನಾಗಿತ್ತು ಅಂತ ನಗುತ್ತೇವೆ. ಯಾಕೋ ಗೊತ್ತಿಲ್ಲ.

ಉಗುರಿನ ವಿಷಯದಲ್ಲಿ ಒಂದು ಸಣ್ಣ ಗುಟ್ಟು: ಬಣ್ಣ ಹಚ್ಚುವ ಮೊದಲೇ ದುಡ್ಡು ಕೊಟ್ಟುಬಿಡಿ. ಹಸಿ ಉಗುರಿನಲ್ಲಿ ಪರ್ಸ್ ತಡಕಾಡಿ ಎಲ್ಲ ಕೆಡಿಸಿಕೊಂಡವರು ಬಹಳ. ಜೆಲ್ ಪಾಲಿಶ್ ದೀಪದ ಕೆಳಗೆ ಅಲ್ಲೇ ಗಟ್ಟಿಯಾಗುತ್ತದೆ. ಮಾಮೂಲಿ ಪಾಲಿಶ್ ಮುಟ್ಟಿದರೆ ಒಣಗಿದ ಹಾಗೆ ಕಂಡರೂ ಒಳಗೆ ಗಟ್ಟಿಯಾಗಲು ಗಂಟೆಗಳೇ ಬೇಕು. ಪಾದಕ್ಕೆ ಮಾಡಿಸುವಾಗ ಬೆರಳು ತೆರೆದಿರುವ ಚಪ್ಪಲಿ ಹಾಕಿಕೊಂಡು ಹೋಗಿ. ತೊಟ್ಟಿಯನ್ನು ಗಿರಾಕಿ ಬದಲಾದಾಗಲೆಲ್ಲ ತೊಳೆಯುತ್ತಾರಾ, ಕತ್ತರಿ ಚಿಮುಟಗಳನ್ನು ಕ್ರಿಮಿಶುದ್ಧ ಮಾಡಿ ಇಟ್ಟಿದ್ದಾರಾ ನೋಡಿ. ಅನುಮಾನ ಬಂದರೆ ಎದ್ದು ಬನ್ನಿ, ಸಂಕೋಚ ಬೇಡ.

ಹೊಸ ಪ್ರಯೋಗಕ್ಕೆ ಪ್ರವಾಸ ಸರಿಯಾದ ಜಾಗ ಅಲ್ಲ. ಕೂದಲ ಬಣ್ಣ ಹಚ್ಚುವ ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಬೇಕು. ಎರಡು ದಿನದ ಪ್ರವಾಸದಲ್ಲಿ ಆ 48 ಗಂಟೆ ಎಲ್ಲಿಂದ ತರುತ್ತೀರಿ? ಬೀದಿ ಬದಿಯ "ಕಪ್ಪು ಮೆಹಂದಿ"ಯೂ ಬೇಡ. ನಿಜವಾದ ಮೆಹಂದಿ ಕಿತ್ತಳೆ ಕಂದು ಬಣ್ಣ ಬಿಡುತ್ತದೆ. ಕ್ಷಣದಲ್ಲಿ ಕಪ್ಪಾಗುವುದಕ್ಕೆ ಕೂದಲ ಬಣ್ಣದ ಪಿಪಿಡಿ ರಾಸಾಯನಿಕ ಸೇರಿಸಿರುತ್ತಾರೆ. ಅದರಿಂದ ಕೆಲವರ ಚರ್ಮ ಬೊಬ್ಬೆ ಎದ್ದು, ಗುರುತು ಹಾಗೇ ಉಳಿದದ್ದಿದೆ.

ಹಂತ 4: ಊಟ

ರೆಸ್ಟೋರೆಂಟ್ ಅನ್ನುವ ಪದ ಬಂದಿದ್ದು ಫ್ರೆಂಚಿನಿಂದ. ಮೊದಲು ಅದು ಜಾಗದ ಹೆಸರೇ ಅಲ್ಲ, ಸುಸ್ತಾದವರಿಗೆ ಶಕ್ತಿ ತುಂಬುವ ಒಂದು ಸಾರಿನ ಹೆಸರು. 18ನೇ ಶತಮಾನದ ಪ್ಯಾರಿಸಿನಲ್ಲಿ ಆ ಸಾರು ಮಾರುವ ಅಂಗಡಿಗೂ ಅದೇ ಹೆಸರು ಅಂಟಿಕೊಂಡಿತು. ಅಂದರೆ ಊಟವೂ ಆರೈಕೆಯ ಲೆಕ್ಕಕ್ಕೇ ಸೇರಿದ್ದು. ಗಬಗಬ ತಿಂದು ಓಡುವುದಕ್ಕಲ್ಲ.

ದೊಡ್ಡ ಊಟ ಮಧ್ಯಾಹ್ನಕ್ಕೆ ಇಡಿ. ಹೆಸರುವಾಸಿ ಹೋಟೆಲ್‌ಗಳಲ್ಲೂ ಎಷ್ಟೋ ಕಡೆ ಮಧ್ಯಾಹ್ನಕ್ಕೆ ಬೇರೆ ಸೆಟ್ ಮೆನು ಇರುತ್ತದೆ. ಅದೇ ಅಡುಗೆಮನೆ, ದರ ಕಡಿಮೆ, ಟೇಬಲ್ ಸುಲಭವಾಗಿ ಸಿಗುತ್ತದೆ. ತಿಂದದ್ದನ್ನು ಕರಗಿಸಲು ಸಂಜೆಯ ಓಡಾಟವೂ ಇದೆ.

ಜಾಗ ಹುಡುಕುವಾಗ ಪ್ರಸಿದ್ಧ ಸ್ಮಾರಕದ ಎದುರಿಗಿನ ಸಾಲನ್ನು ಬಿಡಿ. ಅಲ್ಲಿ ಬಾಡಿಗೆ ಜಾಸ್ತಿ, ಬಂದ ಗಿರಾಕಿ ಮತ್ತೆ ಬರುವುದಿಲ್ಲ ಅನ್ನುವುದು ಮಾಲೀಕರಿಗೂ ಗೊತ್ತು. ಎರಡು ತಿರುವು ದಾಟಿ ಹಿಂದಿನ ಬೀದಿಗೆ ಹೋಗಿ. ಚಿಕ್ಕ ಮೆನು ಒಳ್ಳೆಯ ಲಕ್ಷಣ. ನೂರು ಬಗೆ ಇರುವ ಕಡೆ ಅದೆಲ್ಲ ಆಗಷ್ಟೇ ಮಾಡಿದ್ದಾಗಿರಲು ಸಾಧ್ಯವೇ? ವಾರದ ದಿನ ಆಫೀಸಿನವರು ಸಾಲು ನಿಂತಿದ್ದರೆ ಕಣ್ಣು ಮುಚ್ಚಿ ಹೋಗಿ. ಅವರಿಗೆ ಟೈಮೂ ಇಲ್ಲ, ದಿನಾ ದುಬಾರಿ ತಿನ್ನಲು ದುಡ್ಡೂ ಇಲ್ಲ.

ಕೇಳುವ ರೀತಿಯೂ ಮುಖ್ಯ. "ಇಲ್ಲಿ ಒಳ್ಳೆ ಹೋಟೆಲ್ ಯಾವುದು?" ಅಂದರೆ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ, ಪ್ರವಾಸಿಗರಿಗೆ ಹೇಳಲು ಇಟ್ಟುಕೊಂಡದ್ದು. "ಹೋದ ವಾರ ನೀವು ಮನೆಯವರ ಜೊತೆ ಎಲ್ಲಿ ತಿಂದಿರಿ?" ಅಂತ ಕೇಳಿ ನೋಡಿ. ಜನ ಒಂದು ಕ್ಷಣ ಯೋಚಿಸಿ, ಮುಖ ಅರಳಿಸಿ ಬೇರೆ ಹೆಸರು ಹೇಳುತ್ತಾರೆ. ಸಲೂನಿನಲ್ಲಿ ತಲೆ ಒತ್ತುವವರು ಇದಕ್ಕೆ ಎಲ್ಲರಿಗಿಂತ ಒಳ್ಳೆಯ ದಾರಿ. ನಿಮ್ಮ ಜೊತೆ ಅರ್ಧ ಗಂಟೆ ಇರುತ್ತಾರೆ, ಊರೆಲ್ಲ ಗೊತ್ತಿರುತ್ತದೆ. ಆರೈಕೆಯನ್ನು ಮೊದಲ ಸಂಜೆಗೆ ಇಡಲು ಇದು ಇನ್ನೊಂದು ಕಾರಣ.

ಬೀದಿ ತಿಂಡಿಗೆ ನಿಯಮ ಹಳೆಯದೇ. ಜನ ಜಾಸ್ತಿ ಇರುವ ಕಡೆ, ಕಣ್ಣೆದುರಿಗೆ ಬಿಸಿಬಿಸಿ ಮಾಡಿಕೊಡುವ ಕಡೆ ತಿನ್ನಿ. ಹೆಚ್ಚಿಟ್ಟ ಹಣ್ಣು, ಎಲ್ಲಿಯ ನೀರಿನದೋ ಗೊತ್ತಿಲ್ಲದ ಐಸ್ ಬೇಡ. ಸಸ್ಯಾಹಾರಿಗಳು, ಅಲರ್ಜಿ ಇರುವವರು ಏನು ತಿನ್ನುವುದಿಲ್ಲ ಅನ್ನುವುದನ್ನು ಆ ಊರಿನ ಭಾಷೆಯಲ್ಲಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. "ಮಾಂಸ ಬೇಡ" ಅಂದರೆ ಸಾಲದು, ಮೂಳೆ ಬೇಯಿಸಿದ ನೀರು, ಮೀನಿನ ಸಾಸ್ ಇವನ್ನೂ ಹೆಸರಿಸಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದ್ದರೆ ಟಿಪ್ಸ್ ಮತ್ತೆ ಕೊಡಬೇಕಾ ಅಂತ ಒಮ್ಮೆ ವಿಚಾರಿಸಿ.

ಹಂತ 5: ಎರಡನೇ ಸಂಜೆ, ಅಂಗಡಿಗಳಿಗೆ

ಬೆಳಿಗ್ಗೆ ಮಾರುಕಟ್ಟೆಗೆ ಹೋದಾಗ ಕೈ ಜೇಬಿನಲ್ಲೇ ಇರಲಿ. ಆಗ ಬರೀ ನೋಡುವುದು, ಬೆಲೆ ಕೇಳುವುದು. ಕೊಳ್ಳುವುದು ಸಂಜೆಗೆ. ಅದರಲ್ಲೂ ಚಪ್ಪಲಿ, ಶೂ ಸಂಜೆಯೇ ಕೊಳ್ಳಬೇಕು. ದಿನವೆಲ್ಲ ನಡೆದ ಪಾದ ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಶೂ ಸಂಜೆ ಕಚ್ಚುತ್ತದೆ. ಸೈಜಿನ ನಂಬರ್ ದೇಶಕ್ಕೊಂದು ಥರ, ಹಾಕಿ ನಡೆದೇ ನೋಡಿ. ಎರಡೂ ಕಾಲಿಗೆ.

ಮಾಲ್‌ಗಳಿಗೆ ಹೋಗುವ ಮೊದಲು ಒಂದು ವಿಷಯ ಗೊತ್ತಿರಲಿ. ಎಲ್ಲ ಕಡೆ ಮುಚ್ಚಿದ, ಒಳಗೆಲ್ಲ ಒಂದೇ ಹವೆಯ ಮಾಲನ್ನು ಮೊದಲು ರೂಪಿಸಿದವರು ವಿಯೆನ್ನಾದಲ್ಲಿ ಹುಟ್ಟಿದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್. ಅಮೆರಿಕದ ಮಿನ್ನೆಸೋಟದಲ್ಲಿ 1956ರಲ್ಲಿ ತೆರೆದ ಸೌತ್‌ಡೇಲ್ ಅದು. ಏನೋ ಒಂದು ಕೊಳ್ಳಲು ಬಂದವರು ದಾರಿ, ಬೆಳಕು, ಅಂಗಡಿಗಳ ಮಧ್ಯೆ ಬಂದ ಕೆಲಸವನ್ನೇ ಮರೆತು ಸುತ್ತತೊಡಗುವುದಕ್ಕೆ ಅವರ ಹೆಸರನ್ನೇ ಇಟ್ಟು "ಗ್ರೂಯೆನ್ ಪರಿಣಾಮ" ಅನ್ನುತ್ತಾರೆ. ಅದಕ್ಕೇ ಒಳಗೆ ಹೋಗುವಾಗ ಫೋನಿನಲ್ಲಿ ಒಂದು ಗಂಟೆಗೆ ಅಲಾರಂ ಇಡಿ. ನಾನು ಇಡುತ್ತೇನೆ, ಎರಡು ಸಲ ಆಫ್ ಮಾಡಿ ಮೂರನೇ ಸಲ ಹೊರಗೆ ಬರುತ್ತೇನೆ.

ನಿಜ ಹೇಳಬೇಕೆಂದರೆ ಎಲ್ಲ ಊರಿನಲ್ಲೂ ಸಿಗುವ ಬ್ರ್ಯಾಂಡಿಗೆ ಇಷ್ಟು ದೂರ ಬರಬೇಕಿರಲಿಲ್ಲ. ಆ ಊರಿನಲ್ಲೇ ತಯಾರಾಗುವುದನ್ನು ಹುಡುಕಿ. ಒಂದೇ ಕಸುಬಿನವರು ಒಂದೇ ಬೀದಿಯಲ್ಲಿರುವುದು ಹಳೆಯ ನಗರಗಳ ಅಭ್ಯಾಸ. ಒಂದು ಅಂಗಡಿ ಸಿಕ್ಕಿದರೆ ಅಕ್ಕಪಕ್ಕದಲ್ಲಿ ಇನ್ನೂ ನಾಲ್ಕು ಇರುತ್ತವೆ. "ಇದನ್ನು ಯಾರು ಮಾಡುತ್ತಾರೆ?" ಅಂತ ಕೇಳಿ. ಮಾಡಿದವರೇ ಆದರೆ ಮಾತು ನಿಲ್ಲುವುದಿಲ್ಲ. ಬರೀ ತಂದು ಮಾರುವವರು ವಿಷಯ ಬದಲಿಸುತ್ತಾರೆ. ಟ್ಯಾಕ್ಸಿಯವರು ತಾವಾಗಿ ಕರೆದುಕೊಂಡು ಹೋಗುವ ಅಂಗಡಿಯ ಬೆಲೆಯಲ್ಲಿ ಅವರ ಕಮಿಷನ್ನೂ ಸೇರಿರುತ್ತದೆ.

ಕೈಗೆ ತೆಗೆದುಕೊಂಡ ವಸ್ತುವನ್ನು ಮಗುಚಿ ನೋಡಿ. ಬಟ್ಟೆಯಾದರೆ ಒಳಹೊಲಿಗೆ, ಬ್ಯಾಗಾದರೆ ಜಿಪ್ ಮತ್ತು ಹಿಡಿಯ ಬುಡ. ರೇಷ್ಮೆ, ಉಣ್ಣೆ ಅಂತ ದೊಡ್ಡ ಬೆಲೆ ಹೇಳಿದರೆ ಅಂಗಡಿಯವರನ್ನೇ ಕೇಳಿ, ಅಂಚಿನ ಒಂದು ಎಳೆ ಸುಟ್ಟು ತೋರಿಸಲಿ. ನಿಜವಾದದ್ದು ಕೂದಲು ಸುಟ್ಟ ವಾಸನೆ ಬಿಟ್ಟು ಪುಡಿಯಾಗುವ ಬೂದಿ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆಳ್ಳಿಯ ಮೇಲೆ 925 ಅಂತಿದ್ದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. ಚಿನ್ನದ 916 ಅಂದರೆ 22 ಕ್ಯಾರೆಟ್, 750 ಅಂದರೆ 18. ಹೇರ್ ಡ್ರೈಯರ್‌ನಂಥ ವಿದ್ಯುತ್ ಸಾಮಾನಿಗೆ ವೋಲ್ಟೇಜ್ ನೋಡಿ. ಬರೀ 110 ಅಂತ ಬರೆದಿರುವುದನ್ನು 230 ವೋಲ್ಟ್ ಇರುವ ಮನೆಗೆ ತಂದು ಚುಚ್ಚಿದರೆ ಹೊಗೆ ಬರುತ್ತದೆ.

ಚೌಕಾಸಿ ಬೆಲೆಚೀಟಿ ಇಲ್ಲದ ಕಡೆ ಮಾತ್ರ. ಬೆಳಿಗ್ಗೆ ಎರಡು ಮೂರು ಕಡೆ ಬೆಲೆ ಕೇಳಿದ್ದೀರಲ್ಲ, ಈಗ ಅದು ಕೆಲಸಕ್ಕೆ ಬರುತ್ತದೆ. ನಗುನಗುತ್ತಾ ಕೇಳಿ. ನೀವು ಹೇಳಿದ ಬೆಲೆಗೆ ಅವರು ಒಪ್ಪಿದರೆ ಕೊಳ್ಳಲೇಬೇಕು, ಅಲ್ಲಿಂದ ಜಾರಿಕೊಳ್ಳುವುದು ಸರಿಯಲ್ಲ.

ಹೊರದೇಶದಲ್ಲಿ ಕಾರ್ಡ್ ಉಜ್ಜಿದಾಗ ಮೆಷಿನ್ ಕೇಳಬಹುದು: ನಿಮ್ಮ ದೇಶದ ಹಣದಲ್ಲೋ, ಇಲ್ಲಿನ ಹಣದಲ್ಲೋ? ಇಲ್ಲಿನದು ಅನ್ನಿ. ನಮ್ಮ ಹಣದಲ್ಲಿ ತೋರಿಸುವ ಲೆಕ್ಕ ನೋಡಲು ಹಿತ, ಆದರೆ ಆ ವಿನಿಮಯ ದರದಲ್ಲಿ ಅವರ ಲಾಭ ಕೂಡಿರುತ್ತದೆ. ದಂತ, ಆಮೆ ಚಿಪ್ಪು, ಟಿಬೆಟಿನ ಹುಲ್ಲೆಯನ್ನು ಕೊಂದು ಅದರ ಉಣ್ಣೆಯಿಂದ ನೇಯುವ ಶಹತೂಷ್ ಶಾಲು ಇವನ್ನು ಯಾರು ಎಷ್ಟೇ ಹೊಗಳಿ ತೋರಿಸಿದರೂ ಮುಟ್ಟಬೇಡಿ. ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ತಡೆಯುವ ಸೈಟಿಸ್ ಒಪ್ಪಂದ 1975ರಿಂದ ಜಾರಿಯಲ್ಲಿದೆ. ಗಡಿಯಲ್ಲಿ ಹಿಡಿದರೆ ವಸ್ತುವಿನ ಜೊತೆ ನೀವೂ ಸಿಕ್ಕಿಬೀಳುತ್ತೀರಿ.

ದುಬಾರಿ ವಸ್ತುವೊಂದು ತುಂಬ ಇಷ್ಟವಾಯಿತಾ? ಫೋಟೋ ತೆಗೆದುಕೊಂಡು ವಾಪಸ್ ಬನ್ನಿ. ರಾತ್ರಿ ಮಲಗಿ ಎದ್ದ ಮೇಲೂ ಅದೇ ನೆನಪಾದರೆ, ಖಾಲಿ ಬಿಟ್ಟಿದ್ದ ಕೊನೆಯ ಬೆಳಿಗ್ಗೆ ಇರುವುದೇ ಅದಕ್ಕೆ.

ಹಂತ 6: ಕೊನೆಯ ಬೆಳಿಗ್ಗೆ

ಲಗೇಜ್ ಹೋಟೆಲಿನಲ್ಲೇ ಬಿಟ್ಟು ಆ ಒಂದು ಅಂಗಡಿಗೆ ಹೋಗಿ ಬನ್ನಿ. ಬಂದು ಪ್ಯಾಕ್ ಮಾಡಿ. ವಿಮಾನವಾದರೆ ಕೈಚೀಲದಲ್ಲಿ ದ್ರವದ ಬಾಟಲಿ 100 ಮಿಲಿ ದಾಟಬಾರದು ಅನ್ನುವ ನಿಯಮ 2006ರಿಂದ ಬಹುತೇಕ ಕಡೆ ಇದೆ. ಕೆಲವು ನಿಲ್ದಾಣಗಳು ಈಚೆಗೆ ಸಡಿಲಿಸಿವೆ, ಆದರೂ ನಂಬಿಕೊಂಡು ಹೋಗಬೇಡಿ. ಸ್ಪಾದಲ್ಲಿ ಕೊಂಡ ಎಣ್ಣೆ, ಕ್ರೀಮ್ ಅಷ್ಟೇ ಅಲ್ಲ, ಜೇನು, ಜಾಮ್ ಕೂಡ ದ್ರವದ ಲೆಕ್ಕವೇ. ಅವನ್ನು ಕವರಿನಲ್ಲಿ ಕಟ್ಟಿ ದೊಡ್ಡ ಪೆಟ್ಟಿಗೆಗೆ ಹಾಕಿ.

ಪ್ರವಾಸಿಗರಿಗೆ ತೆರಿಗೆ ವಾಪಸ್ ಕೊಡುವ ದೇಶವಾದರೆ ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ಫಾರಂ ತೆಗೆದುಕೊಂಡಿರಬೇಕು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ವಸ್ತು ತೋರಿಸಿ ಅನ್ನಬಹುದು. ಅದಕ್ಕೇ ಪೆಟ್ಟಿಗೆ ಚೆಕ್‌ಇನ್ ಮಾಡುವ ಮೊದಲು ಅಲ್ಲಿಗೆ ಹೋಗಿ. ಐರೋಪ್ಯ ಒಕ್ಕೂಟದಲ್ಲಾದರೆ ಕೊಂಡ ತಿಂಗಳು ಬಿಟ್ಟು ಮುಂದಿನ ಮೂರು ತಿಂಗಳೊಳಗೆ ವಸ್ತು ಹೊರಗೆ ಹೋಗಿರಬೇಕು.

ಇನ್ನು ಗೇಟಿನ ಹತ್ತಿರ ಕೂತು ಕಾಯುವ ಹೊತ್ತಿನಲ್ಲಿ ಮ್ಯಾಪಿನ ಗುರುತುಗಳನ್ನು ತೆರೆಯಿರಿ. ಇಷ್ಟವಾಗದ್ದನ್ನು ಅಳಿಸಿ. ಉಳಿದದ್ದಕ್ಕೆ ಒಂದೊಂದು ಸಾಲು ಬರೆಯಿರಿ. "ಚೆನ್ನಾಗಿತ್ತು" ಅಂತ ಬರೆದರೆ ಮುಂದಿನ ಸಲ ಏನೂ ನೆನಪಾಗುವುದಿಲ್ಲ. "ಕಿಟಕಿ ಪಕ್ಕದ ಟೇಬಲ್ ಕೇಳಬೇಕು, ಒಂದು ಗಂಟೆ ಮೇಲೆ ರಶ್" ಅಂತ ಬರೆಯಿರಿ. "ಭುಜ ಮೆತ್ತಗೆ ಒತ್ತಿ ಅಂತ ಮೊದಲೇ ಹೇಳಬೇಕು" ಅಂತ ಬರೆಯಿರಿ.